"ನೀವ್ಯಾಕೆ ಇಷ್ಟು ಬೆಳ್ಳಗಿದ್ದೀರಿ?" ಪದೇ ಪದೇ ಕೇಳುವ ಪ್ರಶ್ನೆಗಳಿಗೆ ನನ್ನ ಉತ್ತರ

ನಾನು ಹುಟ್ಟಿದ್ದು ಮಂಡ್ಯದ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಒಂದು ಹಳ್ಳಿಯಲ್ಲಿ. ಈಗ ಇರುವುದು ಮೈಸೂರಿನಲ್ಲಿ, ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನನ್ನ ಚರ್ಮ ಹಾಲಿನ ಬಣ್ಣ. ಕೂದಲು ಒಣಗಿದ ಭತ್ತದ ಹುಲ್ಲಿನ ಬಣ್ಣ. ಹುಬ್ಬು ಹತ್ತಿರದಿಂದ ನೋಡಿದರೆ ಮಾತ್ರ ಕಾಣುತ್ತದೆ. ಹುಟ್ಟಿದಾಗಿನಿಂದ ಹೀಗೇ ಇದ್ದೇನೆ.

ಬಸ್ಸಿನಲ್ಲಿ, ಮದುವೆ ಛತ್ರದಲ್ಲಿ, ರೇಷನ್ ಅಂಗಡಿ ಮುಂದೆ, ಎಲ್ಲಿ ಹೋದರೂ ಅದೇ ಪ್ರಶ್ನೆಗಳು. ಚಿಕ್ಕವಳಿದ್ದಾಗ ಯಾರಾದರೂ ಕೇಳಿದ ಕೂಡಲೇ ಅವ್ವನ ಸೆರಗಿನ ಹಿಂದೆ ಸೇರಿಕೊಳ್ಳುತ್ತಿದ್ದೆ, ಯಾಕಂದರೆ ಉತ್ತರ ನನಗೂ ಗೊತ್ತಿರಲಿಲ್ಲ, ಅವ್ವನಿಗೂ ಗೊತ್ತಿರಲಿಲ್ಲ. ಉತ್ತರ ಸಿಕ್ಕಿದ್ದು 19ನೇ ವಯಸ್ಸಿಗೆ. ಅವತ್ತಿನಿಂದ ನಾನು ತಲೆ ಎತ್ತಿ ನಡೆಯೋದು ಶುರುವಾಯಿತು. ನನ್ನ ಥರದ ಚರ್ಮ ಇರುವವರಿಗೆ, ಅಂಥ ಮಗು ಇರುವ ಅಪ್ಪ ಅಮ್ಮಂದಿರಿಗೆ, ಕೇಳಬೇಕು ಅನ್ನಿಸಿದರೂ ಬಾಯಿ ಬಾರದೆ ದೂರದಿಂದ ನೋಡುವವರಿಗೆ ಇದನ್ನು ಬರೆಯುತ್ತಿದ್ದೇನೆ.

ನೀವ್ಯಾಕೆ ಇಷ್ಟು ಬೆಳ್ಳಗಿದ್ದೀರಿ?

ಇದಕ್ಕೆ ಆಲ್ಬಿನಿಸಂ ಅನ್ನುತ್ತಾರೆ. ನಮ್ಮೆಲ್ಲರ ಚರ್ಮ, ಕೂದಲು, ಕಣ್ಣಿಗೆ ಬಣ್ಣ ಕೊಡುವುದು ಮೆಲನಿನ್ ಅನ್ನುವ ವಸ್ತು. ಅದನ್ನು ತಯಾರು ಮಾಡುವ ಜೀವಕೋಶಗಳು ನನ್ನ ಮೈಯಲ್ಲೂ ಇವೆ. ಬೇರೆಯವರಲ್ಲಿ ಎಷ್ಟಿವೆಯೋ ಸುಮಾರು ಅಷ್ಟೇ ಇವೆ. ಆದರೆ ಮೆಲನಿನ್ ತಯಾರಾಗಬೇಕಾದರೆ ಬೇಕಾಗುವ ಜೀನ್‌ಗಳಲ್ಲಿ (ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ವಂಶವಾಹಿಗಳಲ್ಲಿ) ಒಂದು ನನ್ನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಲೆಮನೆ ಇದೆ, ಗಾಣ ಇದೆ, ಕೊಪ್ಪರಿಗೆ ಇದೆ, ಒಲೆ ಮಾತ್ರ ಹತ್ತುತ್ತಿಲ್ಲ ಅಂದುಕೊಳ್ಳಿ, ಬೆಲ್ಲ ಹೇಗೆ ಆಗುತ್ತದೆ?

ಆಲ್ಬಿನಿಸಂನಲ್ಲಿ ಹಲವು ಬಗೆ ಇದೆ. ಕೆಲವರಿಗೆ ಒಂದು ಚೂರೂ ಬಣ್ಣ ಬರುವುದಿಲ್ಲ, ಕೂದಲು ಕೊನೆತನಕ ಅಚ್ಚ ಬಿಳಿ. ಕೆಲವರಿಗೆ ಬೆಳೆಯುತ್ತಾ ಕೂದಲು ಹಳದಿಗೋ ತಿಳಿ ಕಂದಿಗೋ ತಿರುಗುತ್ತದೆ. ನಾನು ಎರಡನೇ ಗುಂಪಿನವಳು. ಜಗತ್ತಿನಲ್ಲಿ ಸುಮಾರು 17,000ದಿಂದ 20,000 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ ಅನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಎಲ್ಲ ದೇಶದಲ್ಲೂ, ಎಲ್ಲ ಜಾತಿಯಲ್ಲೂ, ಗಂಡಸರಲ್ಲೂ ಹೆಂಗಸರಲ್ಲೂ ಕಾಣುತ್ತದೆ.

ಇದಿಷ್ಟನ್ನು ನನಗೆ ಹೇಳಿದ್ದು ಮೈಸೂರಿನ ಒಬ್ಬ ಕಣ್ಣಿನ ಡಾಕ್ಟರು. ಡಿಗ್ರಿ ಓದುವಾಗ ಕನ್ನಡಕ ಬದಲಾಯಿಸೋಣ ಅಂತ ಹೋಗಿದ್ದೆ. ಹತ್ತು ನಿಮಿಷ ಕೂರಿಸಿಕೊಂಡು ಬಿಡಿಸಿ ಹೇಳಿದರು, ಒಂದು ಚೀಟಿಯಲ್ಲಿ ಆ ಹೆಸರನ್ನೂ ಬರೆದುಕೊಟ್ಟರು. ಹಾಸ್ಟೆಲ್ಲಿಗೆ ಬಂದು ಆ ಚೀಟಿ ಹಿಡಿದುಕೊಂಡು ಅತ್ತಿದ್ದೆ. ದುಃಖಕ್ಕಲ್ಲ. 19 ವರ್ಷ ನಾನು ಯಾರದೋ ಶಾಪ ಅಂದುಕೊಂಡಿದ್ದೆ, ಅದಕ್ಕೆ ಒಂದು ಹೆಸರಿತ್ತು ಅಂತ ಗೊತ್ತಾಗಿದ್ದಕ್ಕೆ.

ಇದು ತೊನ್ನಾ? ಅಂಟುತ್ತಾ?

ತೊನ್ನಲ್ಲ. ತೊನ್ನಿನಲ್ಲಿ ಬಣ್ಣ ಮಾಡುವ ಕೋಶಗಳು ಮೊದಲು ಇದ್ದು ಆಮೇಲೆ ನಾಶವಾಗುತ್ತವೆ, ಅದಕ್ಕೇ ಮಚ್ಚೆ ಮಚ್ಚೆಯಾಗಿ ಬಿಳಿಯಾಗುತ್ತದೆ. ನನ್ನದು ಹುಟ್ಟಿನಿಂದ ಬಂದಿದ್ದು, ಮೈಯೆಲ್ಲ ಒಂದೇ ಥರ. ಎರಡೂ ಅಂಟುವುದಿಲ್ಲ. ಎರಡೂ ಕುಷ್ಠ ಅಲ್ಲ. ನಾನು ಕುಡಿದ ಲೋಟವನ್ನು ಬೇರೆ ಇಟ್ಟ ಮನೆಗಳಿವೆ. ಆ ಮನೆಯವರೇನಾದರೂ ಇದನ್ನು ಓದುತ್ತಿದ್ದರೆ ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ, ಆದರೆ ತೊನ್ನು ಇರುವವರ ಲೋಟವನ್ನೂ ಬೇರೆ ಇಡಬೇಡಿ ದಯವಿಟ್ಟು.

ನೀವು ಫಾರಿನರಾ?

ಮೈಸೂರಿನಲ್ಲಿ ಇದ್ದರೆ ಈ ಪ್ರಶ್ನೆ ತಪ್ಪಿದ್ದಲ್ಲ. ಆಟೋದವರು ಇಂಗ್ಲಿಷಿನಲ್ಲಿ ಮಾತು ಶುರು ಮಾಡುತ್ತಾರೆ. ಒಂದು ಪ್ರವಾಸಿ ಜಾಗದಲ್ಲಿ ಟಿಕೆಟ್ ಕೌಂಟರಿನವರು ನನಗೆ ವಿದೇಶಿಯರ ಟಿಕೆಟ್ಟೇ ತಗೊಳ್ಳಬೇಕು ಅಂತ ಪಟ್ಟು ಹಿಡಿದಿದ್ದರು. "ಅಣ್ಣ, ನಾನು ಮಂಡ್ಯದೋಳು ಕಣಣ್ಣ" ಅಂದರೂ ನಂಬಲಿಲ್ಲ. ಆಧಾರ್ ಕಾರ್ಡು ತೋರಿಸಿದೆ, ಆಮೇಲೆ ಬಿಟ್ಟರು. ನನ್ನ ಹಿಂದೆ ನಿಂತಿದ್ದವರೆಲ್ಲ ನಕ್ಕರು. ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ.

ಈಗ ಅಷ್ಟು ನೋವಾಗುವುದಿಲ್ಲ. ನಾನೇ ಮೊದಲು ಕನ್ನಡದಲ್ಲಿ ಮಾತಾಡಿಸಿಬಿಡುತ್ತೇನೆ, ಕೇಳುವ ಮುಂಚೆ. ಮಂಡ್ಯದ ಮಾತಿನ ಧಾಟಿ ಕಿವಿಗೆ ಬಿದ್ದ ಮೇಲೆ ಯಾರಿಗೂ ಅನುಮಾನ ಉಳಿಯುವುದಿಲ್ಲ.

ಬೆಳ್ಳಗಿದ್ದರೆ ಒಳ್ಳೇದೇ ಅಲ್ವಾ? ಜನ ಬೆಳ್ಳಗಾಗೋಕೆ ಕ್ರೀಮ್ ಹಚ್ಚುತ್ತಾರೆ, ನಿಮಗೇನು ಕಷ್ಟ?

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡಬೇಕು. ನಮ್ಮ ಕಡೆ ಮಗು ಹುಟ್ಟಿದ ಕೂಡಲೇ ಗಂಡೋ ಹೆಣ್ಣೋ ಕೇಳಿ ಆದ ಮೇಲೆ ಕೇಳುವ ಎರಡನೇ ಮಾತೇ ಬಣ್ಣದ್ದು. ಹೆಣ್ಣು ನೋಡೋಕೆ ಬಂದವರು ಮೊದಲು ನೋಡುವುದೂ ಅದನ್ನೇ. ಆದರೆ ಅವರು ಕೇಳುವ ಬಿಳುಪು ನನ್ನದಲ್ಲ. ಅವರಿಗೆ ಬೇಕಿರುವುದು ಗೋಧಿ ಬಣ್ಣಕ್ಕಿಂತ ಒಂದು ಮೆಟ್ಟಿಲು ಮೇಲೆ, ಕಪ್ಪು ಕೂದಲು, ಕಪ್ಪು ಹುಬ್ಬಿನ ಜೊತೆ. ಆ ಗೆರೆ ದಾಟಿದರೆ ಅದೇ ಜನ "ಸುಣ್ಣ ಬಳ್ದಂಗದೆ" ಅನ್ನುತ್ತಾರೆ. ಸ್ಕೂಲಲ್ಲಿ ನನಗಿದ್ದ ಹೆಸರು ಬಿಳಿ ಜಿರಲೆ. ಯಾರಾದರೂ ಮುದ್ದಿಗೆ ಹೊಗಳಿದರೂ ಪಕ್ಕದಲ್ಲೊಬ್ಬರು "ಬೆಳ್ಳಗಿರೋದೆಲ್ಲ ಹಾಲಲ್ಲ" ಅನ್ನದೆ ಬಿಡುತ್ತಿರಲಿಲ್ಲ.

ನನ್ನ ಚಿಕ್ಕಪ್ಪನ ಮಗಳು ಕಪ್ಪು. ನಾವಿಬ್ಬರೂ ಒಂದೇ ವರ್ಷ ಹುಟ್ಟಿದವರು, ಒಂದೇ ಜಗಲಿಯಲ್ಲಿ ಬೆಳೆದವರು. ಅವಳಿಗೆ ಕಡಲೆಹಿಟ್ಟು, ಕೆನೆ, ನಿಂಬೆರಸ, ಆಮೇಲೆ ಟ್ಯೂಬಿನ ಕ್ರೀಮು. ನನಗೆ ಅರಿಶಿನ, ಹರಳೆಣ್ಣೆ ಹಚ್ಚಿ ಬೆಳಗಿನ ಬಿಸಿಲಲ್ಲಿ ಕೂರಿಸುವುದು, ಸ್ವಲ್ಪ ಬಣ್ಣ ಬರಲಿ ಅಂತ. ಒಂದೇ ಮನೆಯಲ್ಲಿ ಒಬ್ಬಳನ್ನು ಬೆಳ್ಳಗೆ ಮಾಡೋಕೆ, ಇನ್ನೊಬ್ಬಳನ್ನು ಕಪ್ಪಗೆ ಮಾಡೋಕೆ. ಇಬ್ಬರಿಗೂ ಏನೂ ಆಗಲಿಲ್ಲ, ನನಗೆ ಮಾತ್ರ ಬೆನ್ನು ಸುಟ್ಟು ಬೊಬ್ಬೆ ಎದ್ದಿತು. ಅವಳನ್ನು ಸಮಾಧಾನ ಮಾಡೋಕೆ ಹಿರಿಯರ ಬಾಯಲ್ಲಿ ಕಸ್ತೂರಿಯೂ ಕಪ್ಪೇ ಅನ್ನುವ ಮಾತಿತ್ತು. ನನಗೆ ಹೇಳೋಕೆ ಅಂಥದ್ದೊಂದು ಮಾತು ಯಾರ ಹತ್ತಿರವೂ ಇರಲಿಲ್ಲ.

ಹೆಸರಾಂತ ಫೇರ್ ಅಂಡ್ ಲವ್ಲಿ ಕ್ರೀಮು 2020ರಲ್ಲಿ ತನ್ನ ಹೆಸರಿನಿಂದ ಫೇರ್ ಅನ್ನುವ ಪದ ತೆಗೆದು ಗ್ಲೋ ಅಂಡ್ ಲವ್ಲಿ ಆಯಿತು. ಪದ ಹೋಗಿದ್ದು ಒಳ್ಳೆಯದೇ. ಜಗಲಿಯ ಮೇಲೆ ಕೂತು ಮಗುವಿನ ಬಣ್ಣ ಅಳೆಯುವುದು ಇನ್ನೂ ಹೋಗಿಲ್ಲ, ಹೋಗಬೇಕು.

ನಿಮ್ಮ ತಾಯಿ ಬಸುರಿಯಾಗಿದ್ದಾಗ ಕೇಸರಿ ಹಾಲು ಜಾಸ್ತಿ ಕುಡಿದಿದ್ರಾ? ಗ್ರಹಣದಲ್ಲಿ ಹೊರಗೆ ಬಂದಿದ್ರಾ?

ಅವ್ವ ಕೇಸರಿಯ ಮುಖವನ್ನೂ ನೋಡಿರಲಿಲ್ಲ, ಅಷ್ಟು ದುಡ್ಡಿರಲಿಲ್ಲ. ಕೇಸರಿ ಕುಡಿದರೆ ಮಗುವಿನ ಬಣ್ಣ ಬದಲಾಗುವುದಿಲ್ಲ. ಗ್ರಹಣಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ. ಬಣ್ಣ ತೀರ್ಮಾನವಾಗುವುದು ಗರ್ಭ ನಿಂತ ಗಳಿಗೆಯಲ್ಲಿ ಅಪ್ಪ ಅಮ್ಮನಿಂದ ಬಂದ ಜೀನ್‌ಗಳಿಂದ.

ಇದರ ಜೊತೆಗೇ ಇನ್ನೊಂದು ತಪ್ಪು ನಂಬಿಕೆ ಇದೆ, ಕಬ್ಬಿಣಾಂಶದ ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ ಅಂತ. ಇದು ಅಪಾಯದ್ದು. ಆಶಾ ಕಾರ್ಯಕರ್ತೆ ಕೊಟ್ಟ ಮಾತ್ರೆಯನ್ನು ಬಚ್ಚಲಿಗೆ ಎಸೆದವರನ್ನು ನಾನೇ ನೋಡಿದ್ದೇನೆ. ರಕ್ತಹೀನತೆ ಇಟ್ಟುಕೊಂಡು ಹೆರಿಗೆಗೆ ಹೋದರೆ ತಾಯಿಯ ಜೀವಕ್ಕೇ ಕುತ್ತು. ಮಾತ್ರೆ ನುಂಗಿ, ಮಗು ಯಾವ ಬಣ್ಣಕ್ಕಾದರೂ ಹುಟ್ಟಲಿ.

ಅವ್ವ ಈ ಪ್ರಶ್ನೆ ಕೇಳಿ ಕೇಳಿ ಸವೆದು ಹೋಗಿದ್ದರು. ಅಪ್ಪನ ಕಡೆಯವರು ಇನ್ನೂ ಕೆಟ್ಟದ್ದನ್ನು ಕೇಳಿದ್ದೂ ಇದೆ, ಮಗು ಯಾರದ್ದು ಅಂತ. ಡಾಕ್ಟರ ಚೀಟಿ ತಂದು ಅಪ್ಪನಿಗೆ, ಅಪ್ಪನ ಅಣ್ಣತಮ್ಮಂದಿರಿಗೆ ಓದಿ ಹೇಳಿದ ದಿನ ಅವ್ವ ಏನೂ ಮಾತಾಡಲಿಲ್ಲ, ಒಳಗೆ ಹೋಗಿ ಪಾಯಸಕ್ಕೆ ಇಟ್ಟರು.

ಸೋದರಮಾವನನ್ನು ಮದುವೆಯಾದರೆ ಹೀಗಾಗುತ್ತಾ?

ಅರ್ಧ ಸರಿ. ನನ್ನ ಥರದ ಆಲ್ಬಿನಿಸಂ ಬರಬೇಕಾದರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಕಡೆಯಿಂದ ಅದೇ ಜೀನಿನ ಕೆಲಸ ಮಾಡದ ಪ್ರತಿ (ಕಾಪಿ) ಬರಬೇಕು. ಒಂದೇ ಪ್ರತಿ ಇದ್ದವರು ಎಲ್ಲರಂತೆಯೇ ಇರುತ್ತಾರೆ, ಅವರಿಗೆ ತಮ್ಮಲ್ಲಿ ಅದು ಇದೆ ಅಂತಲೇ ಗೊತ್ತಿರುವುದಿಲ್ಲ. ಅಂಥ ಇಬ್ಬರು ಮದುವೆಯಾದರೆ ಪ್ರತಿ ಸಲ ಗರ್ಭ ನಿಂತಾಗಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಮೊದಲ ಮಗುವಿಗೆ ಆಯಿತು, ಇನ್ನು ಮೂರಕ್ಕೆ ಆಗಲ್ಲ ಅಂತ ಲೆಕ್ಕ ಹಾಕಬೇಡಿ, ಪ್ರತಿ ಸಲವೂ ಲೆಕ್ಕ ಹೊಸದು.

ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾದಾಗ ಇಬ್ಬರಲ್ಲೂ ಒಂದೇ ಅಜ್ಜ ಅಜ್ಜಿಯ ಜೀನ್ ಇರುವ ಸಾಧ್ಯತೆ ಹೆಚ್ಚು, ಅದರಿಂದ ಇಂಥದ್ದು ಕಾಣಿಸಿಕೊಳ್ಳುವುದೂ ಹೆಚ್ಚು. ನಮ್ಮ ಅಪ್ಪ ಅವ್ವ ಅತ್ತೆ ಮಗ, ಮಾವನ ಮಗಳು. ಆದರೆ ಸಂಬಂಧವೇ ಇಲ್ಲದ ಗಂಡ ಹೆಂಡತಿಗೂ ಇಂಥ ಮಗು ಹುಟ್ಟಬಹುದು. ಯಾರನ್ನೂ ಬೈಯೋಕೆ ಇದನ್ನು ಬಳಸಬೇಡಿ. ಮುಂದಿನ ಮದುವೆ ಮಾತಾಡುವಾಗ ಯೋಚನೆ ಮಾಡೋಕೆ ಬಳಸಿ.

ನಿಮ್ಮ ಕಣ್ಣು ಯಾಕೆ ಅಲ್ಲಾಡುತ್ತೆ?

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇದು: ಆಲ್ಬಿನಿಸಂ ಅಂದರೆ ಚರ್ಮಕ್ಕಿಂತ ಜಾಸ್ತಿ ಕಣ್ಣಿನ ವಿಷಯ. ಹೊಟ್ಟೆಯಲ್ಲಿ ಮಗು ಬೆಳೆಯುವಾಗ ಕಣ್ಣಿನ ಪರದೆ ಸರಿಯಾಗಿ ಬೆಳೆಯೋಕೂ ಮೆಲನಿನ್ ಬೇಕು. ಅದು ಇಲ್ಲದಿದ್ದರೆ ಸೂಕ್ಷ್ಮವಾಗಿ ನೋಡುವ ಪರದೆಯ ನಡುಭಾಗ ಪೂರ್ತಿ ಬೆಳೆಯುವುದಿಲ್ಲ, ಕಣ್ಣಿನಿಂದ ಮಿದುಳಿಗೆ ಹೋಗುವ ನರಗಳ ದಾರಿಯೂ ಬದಲಾಗುತ್ತದೆ. ಅದರಿಂದ ಕಣ್ಣು ತಾನಾಗಿ ಆ ಕಡೆ ಈ ಕಡೆ ಅಲ್ಲಾಡುತ್ತದೆ. ಸುಸ್ತಾದಾಗ, ಗಾಬರಿಯಾದಾಗ ಇನ್ನೂ ಜಾಸ್ತಿ. ನನಗೆ ಪ್ರಪಂಚ ಅಲ್ಲಾಡುತ್ತಿರುವಂತೆ ಕಾಣುವುದಿಲ್ಲ, ಅಲ್ಲಾಡುವುದು ನೋಡುವವರಿಗೆ ಮಾತ್ರ.

ಕನ್ನಡಕ ಹಾಕಿದರೂ ಪೂರ್ತಿ ಸರಿಹೋಗುವುದಿಲ್ಲ, ಸ್ವಲ್ಪ ಸಹಾಯ ಮಾಡುತ್ತದೆ ಅಷ್ಟೇ. ಬೆಳಕು ಜಾಸ್ತಿಯಾದರೆ ಕಣ್ಣು ಬಿಡೋಕಾಗುವುದಿಲ್ಲ. ಬಸ್ಸಿನ ಬೋರ್ಡು ಹತ್ತಿರ ಬರುವತನಕ ಕಾಣುವುದಿಲ್ಲ. ನೀವು ರಸ್ತೆಯ ಆ ಬದಿಯಿಂದ ನಕ್ಕು ನಾನು ನಗದೆ ಹೋದರೆ ಅದು ಜಂಬ ಅಲ್ಲ. ಹೆಸರು ಹಿಡಿದು ಕೂಗಿ, ಓಡಿ ಬರುತ್ತೇನೆ.

ಇನ್ನೊಂದು, ನಮ್ಮ ಕಣ್ಣು ಕೆಂಪು ಇರುತ್ತದೆ ಅನ್ನುವುದು ಸಿನಿಮಾದ ಮಾತು. ಹೆಚ್ಚಿನವರ ಕಣ್ಣು ನೀಲಿ, ಬೂದು ಇಲ್ಲವೇ ತಿಳಿ ಕಂದು. ಕೆಲವು ಬೆಳಕಿನಲ್ಲಿ ಒಳಗಿನ ರಕ್ತನಾಳದ ಬಣ್ಣ ಹೊಳೆದು ಕೆಂಪಗೆ ಕಾಣಬಹುದು.

ಮಗು ಸ್ಕೂಲಲ್ಲಿ ಹಿಂದೆ ಬೀಳುತ್ತಿದೆ. ಬುದ್ಧಿ ಕಡಿಮೆನಾ?

ಬುದ್ಧಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಬೋರ್ಡು ಕಾಣುತ್ತಿಲ್ಲ, ಅಷ್ಟೇ.

ನಾನು ಏಳನೇ ಕ್ಲಾಸಿನ ತನಕ ಬೋರ್ಡಿನ ಮೇಲೆ ಬರೆದದ್ದನ್ನು ಓದಿದವಳೇ ಅಲ್ಲ. ಮೇಷ್ಟ್ರು ಬರೆಯುವಾಗ ಬಾಯಲ್ಲಿ ಹೇಳುತ್ತಿದ್ದದ್ದನ್ನು ಕೇಳಿ ನೆನಪಿಟ್ಟುಕೊಳ್ಳುತ್ತಿದ್ದೆ. ಕತ್ತು ಒಂದು ಕಡೆ ತಿರುಗಿಸಿ ಪುಸ್ತಕ ಮೂಗಿನ ಹತ್ತಿರ ಹಿಡಿದು ಓದುತ್ತಿದ್ದೆ. "ನೆಟ್ಟಗೆ ಕೂತು ಓದು" ಅಂತ ತಲೆ ಹಿಡಿದು ತಿರುಗಿಸುತ್ತಿದ್ದರು. ಆಮೇಲೆ ಗೊತ್ತಾಯಿತು, ಆ ಒಂದು ಕೋನದಲ್ಲಿ ನನ್ನ ಕಣ್ಣಿನ ಅಲ್ಲಾಟ ಕಡಿಮೆಯಾಗುತ್ತದೆ, ಮೈ ತಾನೇ ಕಂಡುಕೊಂಡ ಉಪಾಯ ಅದು. ನಿಮ್ಮ ಮಗು ಕತ್ತು ತಿರುಗಿಸಿ ಓದುತ್ತಿದ್ದರೆ ದಯವಿಟ್ಟು ನೆಟ್ಟಗೆ ಮಾಡಬೇಡಿ.

ಮುಂದಿನ ಬೆಂಚು ಕೇಳಿ, ಕಿಟಕಿಗೆ ಬೆನ್ನು ಬರುವ ಹಾಗೆ. ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ ಕೇಳಿ. ಬೋರ್ಡಿನ ಫೋಟೋ ಮೊಬೈಲಲ್ಲಿ ತೆಗೆದು ದೊಡ್ಡದು ಮಾಡಿ ಓದೋಕೆ ಬಿಡಿ ಅಂತ ಕೇಳಿ. ಒಂದು ಕಣ್ಣಿಗೆ ಹಿಡಿಯುವ ಪುಟ್ಟ ದುರ್ಬೀನು ಸಿಗುತ್ತದೆ, ಕಣ್ಣಿನ ಡಾಕ್ಟರನ್ನು ವಿಚಾರಿಸಿ. ಪಿಟಿ ಪೀರಿಯಡ್ಡು ಮಧ್ಯಾಹ್ನ ಇದ್ದರೆ ಟೋಪಿ, ತುಂಬುತೋಳಿನ ಅಂಗಿ ಹಾಕೋಕೆ ಒಪ್ಪಿಗೆ ತಗೊಳ್ಳಿ. ಮೇಷ್ಟ್ರಿಗೆ ಜೂನ್ ತಿಂಗಳಲ್ಲೇ ಹೋಗಿ ಹೇಳಿ, ಮಾರ್ಕ್ಸ್ ಕಾರ್ಡು ಬರುವ ತನಕ ಕಾಯಬೇಡಿ.

ಅಂಗವಿಕಲ ಸರ್ಟಿಫಿಕೇಟ್ ಸಿಗುತ್ತಾ? ತಗೊಂಡರೆ ಅವಮಾನ ಅಲ್ವಾ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ಆಲ್ಬಿನಿಸಂ ಅಂತ ಅದರಲ್ಲಿ ಬೇರೆಯಾಗಿ ಬರೆದಿಲ್ಲ, ಆದರೆ ಮಂದದೃಷ್ಟಿ ಇದೆ, ನಾವು ಹೋಗಬೇಕಾದ ದಾರಿ ಅದೇ. ಕನ್ನಡಕ ಹಾಕಿದ ಮೇಲೆ ಎಷ್ಟು ಕಾಣುತ್ತದೆ ಅನ್ನುವುದರ ಮೇಲೆ ಶೇಕಡಾ ಲೆಕ್ಕ ಹಾಕುತ್ತಾರೆ. 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಸಮಯ, ಸರ್ಕಾರಿ ಕೆಲಸದ ಮೀಸಲಾತಿ, ಇಂಥವು ಸಿಗುತ್ತವೆ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿಗೆ) ಆನ್‌ಲೈನ್ ಅರ್ಜಿ ಹಾಕಿ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಬೇಕು.

ಅವಮಾನ ಅಂತ ಅಪ್ಪ ನನಗೆ ಮಾಡಿಸಲೇ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದ ಪೇಪರು ಮುಗಿಸೋಕಾಗದೆ ಬಿಟ್ಟು ಬಂದೆ. ಉತ್ತರ ಗೊತ್ತಿತ್ತು, ಓದೋಕೆ ಟೈಮ್ ಸಾಲಲಿಲ್ಲ. ಮಾಡಿಸಿ.

ಬಿಸಿಲಲ್ಲಿ ಹೇಗೆ ಓಡಾಡೋದು?

ಧೈರ್ಯದ ಮಾತು ಎಷ್ಟೇ ಆಡಿದರೂ ಈ ವಿಷಯದಲ್ಲಿ ಬಿಸಿಲಿಗೆ ಹೆದರಲೇಬೇಕು. ಮೆಲನಿನ್ ಅಂದರೆ ಚರ್ಮಕ್ಕೆ ಹುಟ್ಟಿನಿಂದ ಬಂದ ಕೊಡೆ. ನಮಗೆ ಅದಿಲ್ಲ, ಕೈಯಲ್ಲಿ ಹಿಡಿಯಬೇಕು. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಂದರೆ ಏಪ್ರಿಲ್ 22ರ ಆಸುಪಾಸು ಒಮ್ಮೆ, ಆಗಸ್ಟ್ 20ರ ಆಸುಪಾಸು ಇನ್ನೊಮ್ಮೆ ನಡುಹಗಲಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಇರುತ್ತಾನೆ. ಆಗಸ್ಟಿನಲ್ಲಿ ತಂಪು ಗಾಳಿ ಬೀಸುತ್ತಿರುತ್ತದೆ, ಮೋಡ ಇರುತ್ತದೆ, ಸುಡುವುದಿಲ್ಲ ಅಂದುಕೊಳ್ಳುತ್ತೇವೆ. ತಪ್ಪು. ತೆಳು ಮೋಡದ ಮೂಲಕ ಚರ್ಮ ಸುಡುವ ಕಿರಣ ಬಹಳಷ್ಟು ಕೆಳಗೆ ಬರುತ್ತದೆ. ನನಗೆ ಜೀವನದಲ್ಲಿ ಅತಿ ಕೆಟ್ಟದಾಗಿ ಸುಟ್ಟದ್ದು ಒಂದು ಮೋಡದ ದಿನ, ಕೆಆರ್‌ಎಸ್ ಹಿನ್ನೀರಿನ ಹತ್ತಿರ. ನೀರಿನಿಂದ ಪ್ರತಿಫಲಿಸಿ ಬರುವ ಬೆಳಕೂ ಸೇರಿಕೊಂಡಿತ್ತು.

ನಾನು ಮಾಡುವುದಿಷ್ಟು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಆದಷ್ಟು ಹೊರಗೆ ಹೋಗುವುದಿಲ್ಲ. ಹೋಗಲೇಬೇಕಾದರೆ ಅಗಲ ಅಂಚಿನ ಟೋಪಿ, ದಟ್ಟ ನೇಯ್ಗೆಯ ತುಂಬುತೋಳಿನ ಬಟ್ಟೆ, ಕಪ್ಪು ಕೊಡೆ, ಯುವಿ ಅನ್ನುವ ಸುಡುವ ಕಿರಣ ತಡೆಯುವ ಕಪ್ಪು ಕನ್ನಡಕ. ತೆಳ್ಳನೆ ಬಿಳಿ ವೇಲ್ ಹೊದ್ದರೆ ಸಾಕಾಗುವುದಿಲ್ಲ, ಬೆಳಕು ಆಚೆಯಿಂದ ಈಚೆಗೆ ಕಂಡರೆ ಬಿಸಿಲೂ ಬರುತ್ತದೆ ಅಂತಲೇ ಲೆಕ್ಕ. ಮುಖ, ಕಿವಿ, ಕತ್ತು, ಕೈಗೆ ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 30 ಅಥವಾ ಅದಕ್ಕಿಂತ ಜಾಸ್ತಿ ಇರುವ ಸನ್‌ಸ್ಕ್ರೀನ್. 30 ಇರುವುದು ಸುಡುವ ಕಿರಣದಲ್ಲಿ ನೂರಕ್ಕೆ 97ರಷ್ಟು ತಡೆಯುತ್ತದೆ, 50 ಇರುವುದು 98ರಷ್ಟು, ವ್ಯತ್ಯಾಸ ಅಷ್ಟೇ. ದುಬಾರಿಯದ್ದನ್ನು ತಂದು ಚೂರೇ ಚೂರು ಹಚ್ಚುವುದಕ್ಕಿಂತ ಕೈಗೆಟಕುವುದನ್ನು ತಂದು ಧಾರಾಳವಾಗಿ ಹಚ್ಚಿ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಹಿಂಡಿದಷ್ಟು ಮುಖ ಕತ್ತಿಗೆ ಬೇಕು. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬೆವತರೆ ಇನ್ನೂ ಬೇಗ.

ಜಂಬೂಸವಾರಿ ನೋಡೋಕೆ ಮಧ್ಯಾಹ್ನದಿಂದ ರಸ್ತೆ ಬದಿ ಕಾದು ಕೂರುತ್ತಾರಲ್ಲ, ಅದು ನನಗೆ ಆಗದ ಕೆಲಸ, ಟಿವಿಯಲ್ಲಿ ನೋಡುತ್ತೇನೆ. ಸಂಜೆ ದೀಪ ಹತ್ತಿದ ಮೇಲೆ ಊರೆಲ್ಲ ಸುತ್ತುತ್ತೇನೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಬೇಕಾದರೆ ಕತ್ತಲಿರುವಾಗಲೇ ಶುರು ಮಾಡಿ ಬಿಸಿಲೇರುವ ಮುಂಚೆ ಇಳಿದುಬಿಡುತ್ತೇನೆ.

ಅಪ್ಪನ ಕಾಲದವರಂತೆ ಗದ್ದೆ ಕೆಲಸ ಮಾಡುವವರಿಗೆ ಇದೆಲ್ಲ ಕಷ್ಟ, ಗೊತ್ತು. ಕೆಲಸವನ್ನು ನಸುಕಿಗೆ, ಇಳಿಹೊತ್ತಿಗೆ ಹಂಚಿಕೊಳ್ಳಿ. ಮೈಮೇಲೆ ಯಾವುದಾದರೂ ಗಾಯ ಒಂದು ತಿಂಗಳಾದರೂ ಮಾಯದಿದ್ದರೆ, ಗಂಟು ಬೆಳೆಯುತ್ತಿದ್ದರೆ, ಒರಟಾಗಿ ಸಿಪ್ಪೆ ಏಳುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ನಮಗೆ ಚರ್ಮದ ಕ್ಯಾನ್ಸರಿನ ಅಪಾಯ ಬೇರೆಯವರಿಗಿಂತ ಜಾಸ್ತಿ, ಮೊದಲೇ ಕಂಡುಹಿಡಿದರೆ ವಾಸಿ ಮಾಡಬಹುದು. ಏನೂ ಇಲ್ಲದಿದ್ದರೂ ನಾನು ವರ್ಷಕ್ಕೊಮ್ಮೆ ಮೈಯೆಲ್ಲ ತೋರಿಸಿಕೊಂಡು ಬರುತ್ತೇನೆ.

ಬಿಸಿಲಿಗೇ ಹೋಗದಿದ್ದರೆ ವಿಟಮಿನ್ ಡಿ?

ಬಿಳಿ ಚರ್ಮಕ್ಕೆ ಸ್ವಲ್ಪ ಬೆಳಕಿದ್ದರೂ ವಿಟಮಿನ್ ಡಿ ಬೇಗ ತಯಾರಾಗುತ್ತದೆ. ಅನುಮಾನ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಮಾತ್ರೆ ಇದೆ. ಅದಕ್ಕಾಗಿ ಬಿಸಿಲಲ್ಲಿ ಕೂರಬೇಡಿ.

ಸುಮ್ನೆ ಪೆಟ್ಟಾದರೂ ಮಗುವಿನ ಮೈ ನೀಲಿಗಟ್ಟುತ್ತೆ, ಇದೂ ಮಾಮೂಲಾ?

ಇಲ್ಲ. ಬೇಗ ನೀಲಿಗಟ್ಟುವುದು, ಮೂಗಿನಲ್ಲಿ ಪದೇ ಪದೇ ರಕ್ತ ಬರುವುದು ಇದ್ದರೆ ಡಾಕ್ಟರಿಗೆ ಹೇಳಿ. ಆಲ್ಬಿನಿಸಂನ ಅಪರೂಪದ ಒಂದೆರಡು ಬಗೆಯಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆಯೂ ಇರುತ್ತದೆ. ಹಲ್ಲು ಕೀಳಿಸುವ ಮುಂಚೆ, ಆಪರೇಷನ್ನಿಗೆ ಮುಂಚೆ ಇದು ಗೊತ್ತಿರಬೇಕು.

ಕೂದಲಿಗೆ ಕಪ್ಪು ಹಚ್ಚಿ ಎಲ್ಲರ ಥರ ಇರಬಹುದಲ್ವಾ?

ಹಚ್ಚಬಹುದು, ತಪ್ಪೇನಿಲ್ಲ. ನಾನು ಆರು ವರ್ಷ ಹಚ್ಚಿದ್ದೆ. ಹುಬ್ಬಿಗೆ ಪೆನ್ಸಿಲ್, ಮುಖಕ್ಕೆ ಎರಡು ಬಣ್ಣ ಗಾಢವಾದ ಫೌಂಡೇಶನ್, ಕಾಣುವ ಕಡೆಯೆಲ್ಲ. ದಿನಾ ಬೆಳಿಗ್ಗೆ ಒಂದು ಗಂಟೆ. ಕೈ ಬಣ್ಣ ಒಂದು, ಮುಖದ ಬಣ್ಣ ಒಂದು. ಮಳೆ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ಸಲ ಮದುವೆ ಮನೆಯಲ್ಲಿ ಕೈ ತೊಳೆದು ಮುಖ ಒರೆಸಿಕೊಂಡಾಗ ಕರವಸ್ತ್ರಕ್ಕೆ ಅರ್ಧ ಮುಖ ಬಂದಿತ್ತು, ಪಕ್ಕದಲ್ಲಿದ್ದ ಹುಡುಗಿ ಅದನ್ನೇ ನೋಡುತ್ತಿದ್ದಳು.

ಬಿಟ್ಟದ್ದು ದೊಡ್ಡ ನಿರ್ಧಾರ ಮಾಡಿ ಅಲ್ಲ. ತಲೆಯ ಚರ್ಮ ಕೆರೆತ ಬಂದು ಡಾಕ್ಟರು ಎರಡು ತಿಂಗಳು ಬಣ್ಣ ಬೇಡ ಅಂದರು. ಎರಡು ತಿಂಗಳು ಆಫೀಸಿಗೆ ಹಾಗೇ ಹೋದೆ. ಮೊದಲ ವಾರ ಎಲ್ಲರೂ ನೋಡಿದರು. ಎರಡನೇ ವಾರ ಜಿಎಸ್‌ಟಿ ಕಟ್ಟುವ ಕೊನೆ ದಿನ ಬಂತು, ಯಾರಿಗೂ ನನ್ನ ಕೂದಲು ನೋಡುವ ಪುರುಸೊತ್ತು ಇರಲಿಲ್ಲ. ಆಮೇಲೆ ಹಚ್ಚಬೇಕು ಅನ್ನಿಸಲಿಲ್ಲ.

ಬಟ್ಟೆಯ ಬಣ್ಣ ಕೇಳುತ್ತಾರೆ: ನನಗೆ ಗಿಳಿ ಹಸಿರು, ಗಾಢ ಕೆಂಪು, ನವಿಲು ನೀಲಿ ಇಷ್ಟ. ಅಂಗಡಿಯಲ್ಲಿ "ನಿಮಗೆ ತಿಳಿ ಬಣ್ಣ ಹೊಂದುತ್ತೆ ಮೇಡಂ" ಅಂತ ಒತ್ತಾಯ ಮಾಡುತ್ತಾರೆ. ಗಾಢ ಬಣ್ಣವನ್ನೇ ತೆಗೆಸಿ ತರುತ್ತೇನೆ, ಮೈಸೂರು ಸಿಲ್ಕಾದರೂ ಅಷ್ಟೇ.

ಜನ ದಿಟ್ಟಿಸಿ ನೋಡಿದರೆ ಏನು ಮಾಡಲಿ?

ನೋಡುವವರೆಲ್ಲ ಕೆಟ್ಟವರಲ್ಲ. ಕಾಣದ್ದನ್ನು ಕಂಡಾಗ ಕಣ್ಣು ಹೋಗುತ್ತದೆ. ನಾನು ಒಂದೇ ವಾಕ್ಯ ಬಾಯಿಪಾಠ ಮಾಡಿಟ್ಟುಕೊಂಡಿದ್ದೇನೆ: "ಹುಟ್ಟಿನಿಂದ ಮೈಯಲ್ಲಿ ಬಣ್ಣ ಕಡಿಮೆ, ಆಲ್ಬಿನಿಸಂ ಅಂತಾರೆ, ಅಂಟಲ್ಲ, ಆರಾಮಾಗಿದ್ದೀನಿ." ಇಷ್ಟು ಹೇಳೋಕೆ ಐದು ಸೆಕೆಂಡು ಸಾಕು. ಕನ್ನಡಿ ಮುಂದೆ ನಿಂತು ನೂರು ಸಲ ಹೇಳಿ ಅಭ್ಯಾಸ ಮಾಡಿದ್ದೇನೆ, ಧ್ವನಿ ನಡುಗದೆ ಬರುವ ತನಕ. ಧೈರ್ಯ ಬಂದ ಮೇಲೆ ಹೇಳೋಣ ಅಂತ ಕಾದಿದ್ದರೆ ಇವತ್ತಿಗೂ ಹೇಳುತ್ತಿರಲಿಲ್ಲ. ಹೇಳುತ್ತಾ ಹೇಳುತ್ತಾ ಧೈರ್ಯ ಬಂತು.

ಫೋಟೋ ತೆಗೆಯುವವರಿಗೆ ಬೇಡ ಅನ್ನುತ್ತೇನೆ, ನೇರವಾಗಿ. ಅಡ್ಡಹೆಸರಿಟ್ಟು ಕೂಗುವವರಿಗೆ ಉತ್ತರ ಕೊಡುವುದಿಲ್ಲ, ಜೊತೆಗಿರುವವರು ಕೊಟ್ಟರೆ ತಡೆಯುವುದೂ ಇಲ್ಲ. ಎಲ್ಲ ದಿನವೂ ಹೇಳೋಕೆ ಮನಸ್ಸಿರುವುದಿಲ್ಲ. ಅಂಥ ದಿನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬಸ್ಸಿನಲ್ಲಿ ಕಿಟಕಿ ಕಡೆ ತಿರುಗುತ್ತೇನೆ. ಅದೂ ಸರಿಯೇ.

ಮಗುವಿಗೆ ಇದನ್ನು ಯಾವಾಗ, ಹೇಗೆ ಹೇಳೋದು?

ಮಾತು ಬಂದ ಕೂಡಲೇ, ಊಟ ಮಾಡಿಸುವಾಗ ಹೇಳುವ ಮಾತಿನಷ್ಟೇ ಸಹಜವಾಗಿ. ಬಾಗಿಲು ಹಾಕಿಕೊಂಡು ಗುಟ್ಟಾಗಿ ಹೇಳಿದರೆ ಇದು ನಾಚಿಕೆಯ ವಿಷಯ ಅಂತಲೇ ಅದು ಕಲಿಯುತ್ತದೆ.

ನಮ್ಮಜ್ಜಿಗೆ ಆಲ್ಬಿನಿಸಂ ಗೊತ್ತಿರಲಿಲ್ಲ, ಆದರೂ ಮನೆಯಲ್ಲಿ ಸರಿಯಾಗಿ ನಡೆದುಕೊಂಡದ್ದು ಅವರೊಬ್ಬರೇ. ನನ್ನನ್ನು ಕೆಂಚಿ ಅಂತ ಕರೆಯುತ್ತಿದ್ದರು. ನಮ್ಮ ಸೀಮೆಯಲ್ಲಿ ಕೆಂಚೇಗೌಡ, ಕೆಂಚಮ್ಮ, ಕರಿಯಪ್ಪ, ಕರಿಯಮ್ಮ ಅಂತ ಎಷ್ಟು ಹೆಸರಿಲ್ಲ ಹೇಳಿ? ಕೆಂಚು ಅಂದರೆ ಕೆಂಪು ಬೆರೆತ ತಿಳಿ ಬಣ್ಣ. ಹಿಂದಿನವರು ಬಣ್ಣ ಕಂಡಂತೆ ಹೆಸರಿಟ್ಟು, ಆ ಹೆಸರಲ್ಲೇ ಗೌಡಿಕೆ ಮಾಡಿಸಿ, ದೇವರ ಗುಡಿಯಲ್ಲೂ ಅದೇ ಹೆಸರು ಕೂಗಿದ್ದಾರೆ. "ಬಾ ಕೆಂಚಿ, ಹೊತ್ತು ಇಳೀತು, ಆಲೆಮನೆಗೆ ಹೋಗ್ಬರಾನ" ಅಂತ ಅಜ್ಜಿ ಕರೆದಾಗ ನನ್ನ ಬಣ್ಣ ನನ್ನದೇ ಅನ್ನಿಸುತ್ತಿತ್ತು. ಹಬ್ಬಕ್ಕೆ ಎಲ್ಲ ಮೊಮ್ಮಕ್ಕಳ ಜೊತೆ ನನಗೂ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದರು. ಯಾರ ಕಣ್ಣಾದರೂ ಬೀಳುವಷ್ಟು ಚೆನ್ನಾಗಿದ್ದೇನೆ ಅಂತ ಅಲ್ವಾ ಅದರ ಅರ್ಥ.

ಝೂನಲ್ಲಿರೋ ಬಿಳಿ ಹುಲಿ ಥರಾನಾ ನೀವು?

ಮಕ್ಕಳು ಕೇಳುತ್ತಾರೆ, ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ಬಿಳಿ ಹುಲಿ ಪೂರ್ತಿ ಆಲ್ಬಿನೋ ಅಲ್ಲ, ಅದರ ಪಟ್ಟೆ ಗಾಢವಾಗೇ ಇರುತ್ತದೆ. ಕಾರಂಜಿ ಕೆರೆಯ ಬಿಳಿ ನವಿಲೂ ಆಲ್ಬಿನೋ ಅಲ್ಲ, ಅದರ ಕಣ್ಣಿಗೆ ಬಣ್ಣ ಇದೆ. ಆದರೆ ಬಿಳಿ ಹುಲಿಯ ಬಣ್ಣಕ್ಕೆ ಕಾರಣವಾದ ಜೀನ್ ಇದೆಯಲ್ಲ, ಎಸ್‌ಎಲ್‌ಸಿ45ಎ2 ಅಂತ, ಅದೇ ಜೀನ್ ಮನುಷ್ಯರಲ್ಲಿ ಕೆಲಸ ಮಾಡದಿದ್ದರೆ ಆಲ್ಬಿನಿಸಂನ ಒಂದು ಬಗೆ ಬರುತ್ತದೆ. ಹಾಗಾಗಿ "ದೂರದ ನೆಂಟರು" ಅಂತ ಹೇಳುತ್ತೇನೆ, ಮಕ್ಕಳ ಮುಖ ಅರಳುತ್ತದೆ.

ಮದುವೆ ಆಗಿದೆಯಾ? ಮಕ್ಕಳಿಗೂ ಬರುತ್ತಾ?

ಆಗಿದೆ. ಗಂಡ ಸಂಬಂಧದವರಲ್ಲ. ಒಬ್ಬಳು ಮಗಳು, ಅಪ್ಪನ ಬಣ್ಣ, ಕಪ್ಪು ಕೂದಲು. ನನ್ನಿಂದ ಒಂದು ಪ್ರತಿ ಅವಳಿಗೆ ಹೋಗಿಯೇ ಇದೆ, ಅದನ್ನು ಅವಳಿಗೆ ಹೇಳಿದ್ದೇನೆ. ನನ್ನ ಬಣ್ಣ ಬಂದಿದ್ದರೂ ಏನು ಮಾಡಬೇಕು ಅಂತ ಗೊತ್ತಿತ್ತು, ಅವ್ವನಿಗೆ ಗೊತ್ತಿರಲಿಲ್ಲ, ಇಬ್ಬರಿಗೂ ಅಷ್ಟೇ ವ್ಯತ್ಯಾಸ.

ನನಗೆ ಆಲ್ಬಿನಿಸಂ ಇಲ್ಲ, ಸುಮ್ನೆ ತುಂಬಾ ಬಿಳಿ. "ಹುಷಾರಿಲ್ವಾ, ರಕ್ತ ಇಲ್ವಾ" ಅಂತ ಕೇಳುತ್ತಾರೆ.

ಒಂದು ಸಲ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಬಿಡಿ. ಸುಸ್ತು ಇದ್ದರೆ, ಕಣ್ಣಿನ ಕೆಳರೆಪ್ಪೆ ಒಳಗೆ ಬಿಳಿಚಿಕೊಂಡಿದ್ದರೆ ಅದು ಬಣ್ಣವಲ್ಲ, ರಕ್ತಹೀನತೆ ಇರಬಹುದು. ಸರಿಯಾಗಿದ್ದರೆ ಆ ರಿಪೋರ್ಟೇ ನಿಮ್ಮ ಉತ್ತರ. ಬಿಸಿಲಿನ ಮಾತೆಲ್ಲ ನಿಮಗೂ ಸ್ವಲ್ಪ ಮಟ್ಟಿಗೆ ಅನ್ವಯಿಸುತ್ತದೆ. ಕಾಲೇಜಿನಲ್ಲಿ ಕಪ್ಪಗಾಗಬೇಕು ಅಂತ ಟೆರೇಸಿನ ಮೇಲೆ ಬಿಸಿಲು ಕಾಯುತ್ತಿದ್ದೇನೆ ಅಂತ ಒಬ್ಬ ಹುಡುಗಿ ಹೇಳಿದಳು. ನಿಲ್ಲಿಸು ಕಂದ.

ನನ್ನಂಥವರು ಬೇರೆ ಯಾರಾದರೂ ಇದ್ದಾರಾ?

ಇದ್ದಾರೆ. 2015ರಿಂದ ವಿಶ್ವಸಂಸ್ಥೆ ಜೂನ್ 13ನ್ನು ಆಲ್ಬಿನಿಸಂ ಜಾಗೃತಿಯ ದಿನ ಅಂತ ಆಚರಿಸುತ್ತಿದೆ, ಅಂದರೆ ಲೆಕ್ಕಕ್ಕೆ ಸಿಗುವಷ್ಟು ಜನ ಇದ್ದೇವೆ. ನಾನು ನನ್ನಂಥ ಇನ್ನೊಬ್ಬರನ್ನು ಮೊದಲು ಕಂಡದ್ದು ಮೈಸೂರು ಸಿಟಿ ಬಸ್‌ಸ್ಟ್ಯಾಂಡಿನಲ್ಲಿ. ನನ್ನ ಅಪ್ಪನ ವಯಸ್ಸಿನವರು, ತಲೆಗೆ ಟವೆಲ್ ಸುತ್ತಿ, ಬಸ್ಸಿನ ಬೋರ್ಡಿಗೆ ಮುಖ ಒತ್ತಿ ಓದುತ್ತಿದ್ದರು. ನಾನೂ ಅದೇ ಬೋರ್ಡು ಓದೋಕೆ ಹೋಗಿದ್ದೆ. ಇಬ್ಬರಿಗೂ ಒಬ್ಬರಿಗೊಬ್ಬರು ಕಂಡದ್ದು ಮುಖ ಮೊಳದ ದೂರಕ್ಕೆ ಬಂದ ಮೇಲೆ. "ಯಾವೂರವ್ವ?" ಅಂದರು. ಹೇಳಿದೆ. ತಮ್ಮ ಕೊಡೆ ಬಿಚ್ಚಿ ಇಬ್ಬರಿಗೂ ಆಗುವ ಹಾಗೆ ಹಿಡಿದರು, ಬಸ್ಸು ಬರುವ ತನಕ ಅಲ್ಲೇ ನಿಂತು ಸನ್‌ಸ್ಕ್ರೀನ್ ಯಾವುದು ಹಚ್ಚುತ್ತೀಯ ಅಂತ ವಿಚಾರಿಸಿದರು.

ನಿಮ್ಮ ಕೂದಲು ಮುಟ್ಟಬಹುದಾ?

ಮಕ್ಕಳು ಕೇಳಿ ಮುಟ್ಟಬಹುದು. ದೊಡ್ಡವರು ಬೇಡ.